ಕಮಲಾಕ್ಷಮ್ಮನವರ ನಲವತ್ತು ಹೋಳಿಗೆ

ಇಲ್ಲದ ಹೆಂಗಸೊಬ್ಬರಿಗೆ ಜೆ.ಪಿ. ನಗರದಲ್ಲಿ ಮನೆ ಮಾಡಿಕೊಟ್ಟವನು ನಾನು. ಅವರ ಹೆಸರು ಕಮಲಾಕ್ಷಮ್ಮ. ವಯಸ್ಸು ಅರವತ್ತೆಂಟು, ಎಡ ಮೊಣಕಾಲಿನಲ್ಲಿ ನೋವು, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿದ್ದೆ, ಹೊಸದಾಗಿ ಹುಟ್ಟಿದ ಒಬ್ಬ ಮೊಮ್ಮಗ. ಇಷ್ಟನ್ನೂ ನಾನು ಒಂದು ಮಂಗಳವಾರ, ಟೀ ಆರುವುದರೊಳಗೆ, ಕಂಪ್ಯೂಟರಿನ ಮುಂದೆ ಕೂತು ಅವರಿಗೆ ದಯಪಾಲಿಸಿದೆ. ಹಣೆಬರಹ ಬರೆಯುವುದಕ್ಕೆ ಬ್ರಹ್ಮನಾದರೂ ಇನ್ನು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಿದ್ದನೇನೋ.

ಈಗೀಗ ವೆಬ್‌ಸೈಟು ಕಟ್ಟುವ ವಿದ್ಯೆ ಕಲಿಯುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕಂಡರೆ, ಸಾರ್, ಏನಾದರೂ ಟಿಪ್ಸ್ ಕೊಡಿ ಎಂದು ಕೇಳುತ್ತಾರೆ. ನನ್ನ ಬಿಳಿ ಗಡ್ಡದೊಳಗೆ ಟಿಪ್ಸ್ ಇರಬಹುದೆಂದು ಅವರಿಗೆ ಗುಮಾನಿ. ಅಲ್ಲಿ ಅಂಥದ್ದೇನೂ ಇಲ್ಲ. ನನ್ನ ಹತ್ತಿರ ಇರುವುದು ಈ ಕಮಲಾಕ್ಷಮ್ಮ ಒಬ್ಬರೇ. ಆದ್ದರಿಂದ ಅವರ ಸಮಾಚಾರವನ್ನೇ ಹೇಳುತ್ತೇನೆ. ಉಪದೇಶ ಬೇಕಾದವರು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ನಡುನಡುವೆ ಆರಿಸಿಕೊಳ್ಳಬಹುದು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ತರ್ಕಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ತರ್ಕಶಾಸ್ತ್ರವನ್ನು ಯಾರೂ ಬಯಸಿ ತೆಗೆದುಕೊಳ್ಳುವುದಿಲ್ಲ. ಬೇರೆ ಕಡೆ ಸೀಟು ಸಿಗದವರು ಬಸ್ಸು ತಪ್ಪಿದವರ ಹಾಗೆ ಅಲ್ಲಿ ಬಂದು ನಿಲ್ಲುತ್ತಾರೆ. ನಿವೃತ್ತಿಯಾದ ಮೇಲೆ ನಾನೂ ಹಾಗೆಯೇ ನಿಂತಿದ್ದೆ. ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ, ಬೇಕರಿಯ ಮೇಲಿನ ಮಹಡಿಗೆ ಒಂದು ಬೋರ್ಡು ಬಿತ್ತು. ಪ್ರಾಜೆಕ್ಟುಗಳ ಮೂಲಕ ವೆಬ್ ಡೆವಲಪ್‌ಮೆಂಟ್ ಕಲಿಯಿರಿ, ವಯಸ್ಸಿನ ಮಿತಿ ಇಲ್ಲ ಎಂದು ಬರೆದಿತ್ತು. ಮೊದಲ ವಾಕ್ಯ ನನಗೆ ಅರ್ಥವಾಗಲಿಲ್ಲ. ಎರಡನೆಯದು ನನ್ನ ಪಾಠಕ್ಕೆ ಸೇರಿದ್ದು. ಮಿತಿ ಇಲ್ಲ ಎಂದು ಸಾರಾಸಗಟಾಗಿ ಹೇಳಿಬಿಟ್ಟರೆ ಒಂದೇ ಒಂದು ವಿರುದ್ಧ ಉದಾಹರಣೆ ಸಾಕು, ವಾಕ್ಯ ಮಗುಚಿಕೊಳ್ಳುತ್ತದೆ. ಆ ಉದಾಹರಣೆ ನಾನೇ ಯಾಕಾಗಬಾರದು ಎಂದು ಮೆಟ್ಟಿಲು ಹತ್ತಿದೆ. ಮೇಲೆ ಪಾಠ ಹೇಳುವ ಇರ್ಫಾನ್ ಎಂಬ ತರುಣ ನನ್ನನ್ನು ಯಾರದೋ ತಂದೆಯೆಂದು ತಿಳಿದು ಕುರ್ಚಿ ಎಳೆದುಕೊಟ್ಟ. ಸೇರುವುದಕ್ಕೆ ಬಂದಿರುವವನು ನಾನೇ ಎಂದಾಗ ನಗಲೂ ಇಲ್ಲ, ಗಾಬರಿಯಾಗಲೂ ಇಲ್ಲ. ಲ್ಯಾಪ್‌ಟಾಪ್ ಇದೆಯಾ ಎಂದಷ್ಟೇ ಕೇಳಿದ. ಬೋರ್ಡಿನ ವಾಕ್ಯ ನಿಜವೆಂದು ಸಾಬೀತಾಯಿತು, ನಾನು ಸಿಕ್ಕಿಬಿದ್ದೆ. ಅಂದಿನಿಂದ ನಾನು ಅವನನ್ನು ಗುರುಗಳೇ ಎನ್ನುತ್ತೇನೆ, ಅವನು ನನ್ನನ್ನು ಸಾರ್ ಎನ್ನುತ್ತಾನೆ. ಇಬ್ಬರಲ್ಲಿ ಯಾರು ಯಾರಿಗೆ ಗೌರವ ಕೊಡುತ್ತಿದ್ದೇವೆ ಎಂಬುದು ಇತ್ಯರ್ಥವಾಗಿಲ್ಲ.

ತರಗತಿ ಮಧ್ಯಾಹ್ನ ಎರಡಕ್ಕೆ. ಕೆಳಗಿನಿಂದ ಬನ್ನು ಬೇಯುವ ವಾಸನೆ ಮಹಡಿಗೆ ಹತ್ತಿ ಬರುತ್ತಿತ್ತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಅಥವಾ ತಿರುಗುವ ಕನಸು ಕಾಣುತ್ತಿತ್ತು. ಪರದೆಯ ಮೇಲೆ ಇರ್ಫಾನನ ಸಾಲುಗಳು ಒಂದರ ಕೆಳಗೊಂದು ಇಳಿಯುತ್ತಿದ್ದವು. ನಾನು ಎಷ್ಟು ಹೊತ್ತು ಎಚ್ಚರವಿದ್ದೆ, ಎಷ್ಟು ಹೊತ್ತು ಇರಲಿಲ್ಲ ಎಂಬುದಕ್ಕೆ ಯಾವ ದಾಖಲೆಯೂ ಇಲ್ಲ. ಅರ್ಧ ನಿದ್ದೆಯಲ್ಲಿ ಕಲಿತದ್ದು ಗಟ್ಟಿಯಾಗಿ ಉಳಿಯುತ್ತದೆ ಎಂದು ನನ್ನ ಅನುಭವ. ಆದರೆ ಯಾವ ಅರ್ಧ ಎಂದು ಮಾತ್ರ ಮೊದಲೇ ಹೇಳಲು ಬರುವುದಿಲ್ಲ.

ಫ್ರೇಮ್‌ವರ್ಕ್ ಎಂದರೇನು ಎಂದು ನನ್ನ ಹೆಂಡತಿ ಕೇಳಿದಾಗ ನಾನು ಕಿಟಕಿಯಾಚೆ ತೋರಿಸಿದೆ. ನಮ್ಮ ಬಡಾವಣೆ ಪೂರ್ತಿ ಮೂವತ್ತು-ನಲವತ್ತರ ಸೈಟುಗಳು. ಸೈಟಿನ ಅಳತೆ ಗೊತ್ತು, ಸುತ್ತ ಎಷ್ಟು ಜಾಗ ಬಿಡಬೇಕು ಗೊತ್ತು, ಸಂಪು ಎಲ್ಲಿ, ಮೆಟ್ಟಿಲು ಎಲ್ಲಿ ಎಂಬುದು ಮೇಸ್ತ್ರಿಗೆ ನಿದ್ದೆಯಲ್ಲೂ ಗೊತ್ತು. ಆದರೂ ಒಂದು ಮನೆಯ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಇಡೀ ರಸ್ತೆ ಸೀನುತ್ತದೆ, ಇನ್ನೊಂದು ಮನೆಯಲ್ಲಿ ಎಲ್ಲರೂ ಅಡುಗೆಮನೆಯಲ್ಲೇ ಕೂತು ಹರಟುತ್ತಾರೆ. ಸೈಟು ಫ್ರೇಮ್‌ವರ್ಕು, ಹರಟೆ ನಮ್ಮದು. ಅವಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ಅದಕ್ಕೆ ಮೂರು ತಿಂಗಳು ಕಲಿಯಬೇಕಾ ಎಂದು ಕೇಳಿ ಒಳಗೆ ಹೋದಳು.

ಕಲಿಯುವವರು ಮೊದಲು ಬೀಳುವ ಗುಂಡಿಯ ವಿಷಯ ಹೇಳಬೇಕು. ನಾವು ಹದಿನಾರು ಮಂದಿ ಇದ್ದೆವು. ಮೊದಲ ಪ್ರಾಜೆಕ್ಟು ಎಂದು ಹದಿನಾರು ಮಂದಿಯೂ ಮಾಡಿದ್ದು ಒಂದೇ ವಸ್ತುವನ್ನು: ದಿನದ ಕೆಲಸಗಳ ಪಟ್ಟಿ. ದೂರದ ಯಾವುದೋ ದೇಶದ ಮೇಷ್ಟ್ರು ವಿಡಿಯೋದಲ್ಲಿ ಒಂದು ಸಾಲು ಬರೆಯುತ್ತಾರೆ, ನಾವು ತಡೆದು ನಿಲ್ಲಿಸಿ ಅದೇ ಸಾಲು ಬರೆಯುತ್ತೇವೆ. ಅವರು ಪಟ್ಟಿಯಲ್ಲಿ ಹಾಲು ತರಬೇಕು ಎಂದು ಹಾಕಿದ್ದರು, ನಾವೂ ಹಾಕಿದೆವು. ಹದಿನಾರು ಪಟ್ಟಿಗಳಲ್ಲೂ ಹಾಲು ತರುವುದು ಬಾಕಿ ಇತ್ತು, ಯಾರೂ ತರಲಿಲ್ಲ. ವಿಡಿಯೋ ಮುಗಿದ ಮೇಲೆ, ಅದೇ ಪಟ್ಟಿಯನ್ನು ವಿಡಿಯೋ ನೋಡದೆ ಇನ್ನೊಂದು ಸಲ ಬರೆಯಿರಿ ಎಂದು ಇರ್ಫಾನ್ ಹೇಳಿದ. ಬೇರೆಯವರ ಕೈ ಹಿಡಿದು ರಸ್ತೆ ದಾಟಿದವರಿಗೆಲ್ಲ ದಾಟಿದ್ದು ತಾವೇ ಎಂದು ಅನ್ನಿಸಿರುತ್ತದೆ. ಒಂಟಿಯಾಗಿ ಬನಶಂಕರಿ ಬಸ್ ನಿಲ್ದಾಣದ ಎದುರು ನಿಲ್ಲಿಸಿದಾಗ ಸತ್ಯ ಗೊತ್ತಾಗುತ್ತದೆ. ಆದ್ದರಿಂದ ಮಕ್ಕಳೇ, ವಿಡಿಯೋ ಎಷ್ಟು ಬೇಕಾದರೂ ನೋಡಿ, ಆಮೇಲೆ ಅದನ್ನು ಮುಚ್ಚಿ. ಮುಚ್ಚಿದ ಮೇಲೆ ಬರುವ ದಿಗಿಲು ಇದೆಯಲ್ಲ, ಕೋರ್ಸು ಶುರುವಾಗುವುದೇ ಅಲ್ಲಿಂದ.

ಕೊನೆಯ ಪ್ರಾಜೆಕ್ಟಿಗೆ ಇರ್ಫಾನ್ ಒಂದು ನಿಯಮ ಹಾಕಿದ. ಜಯನಗರದ ಒಂದು ಕಂಪನಿಯವರು ಕಲಿತವರ ಹೆಸರು ಕೇಳಿದ್ದಾರೆ. ಆದರೆ ಯಾರ ಪ್ರಾಜೆಕ್ಟನ್ನು ಹೊರಗಿನ ಒಬ್ಬ ನಿಜವಾದ ಮನುಷ್ಯ ಒಂದು ತಿಂಗಳು ತನ್ನ ಕೆಲಸಕ್ಕೆ ಬಳಸುತ್ತಾನೋ ಅವರ ಹೆಸರನ್ನು ಮಾತ್ರ ಕಳಿಸುತ್ತೇನೆ ಎಂದ. ಅಪ್ಪ, ಅಮ್ಮ, ಫ್ರೆಂಡು ಲೆಕ್ಕಕ್ಕಿಲ್ಲ. ಹಿಂದಿನ ಬೆಂಚಿನಿಂದ, ಮಗಾ, ಹೋಯ್ತು ಎಂದು ಒಂದು ದನಿ ಮೆಲ್ಲಗೆ ನಿಟ್ಟುಸಿರಿಟ್ಟಿತು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಚಂದನಾ. ಉತ್ತರಹಳ್ಳಿಯ ಹಳೆಯ ಮನೆತನದ ಹುಡುಗಿ, ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವಳ ಅಪ್ಪನ ಬಾಡಿಗೆ ಮನೆಗಳಿವೆ. ಬಿ.ಎಸ್ಸಿ. ಮುಗಿಸಿ ಒಂದು ವರ್ಷ ಆಗಿತ್ತು. ಬಾಡಿಗೆ ಮನೆಗಳ ನಲ್ಲಿ, ಮೋಟಾರು ನೋಡಿಕೊಂಡು ಇಲ್ಲೇ ಇದ್ದುಬಿಡು, ಹೊರಗೆ ಹೋಗಿ ದುಡಿಯಬೇಕಾದ್ದೇನು ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಿದ್ದರು. ಅವಳು ಅಪ್ಪನಿಂದ ಈ ಒಂದು ಕೋರ್ಸಿನ ಅವಧಿಯನ್ನು ಕೇಳಿ ಪಡೆದಿದ್ದಳು. ಇದರಲ್ಲಿ ಆದರೆ ಆಯಿತು, ಇಲ್ಲದಿದ್ದರೆ ಮೋಟಾರು. ಆ ಮೂವತ್ತು ದಿನ ಅವಳಿಗೆ ಎಂಥ ದಿನಗಳು ಎಂದು ನನಗೆ ಗೊತ್ತಿತ್ತು. ನಮ್ಮ ಎದುರುಮನೆಯ ಗಿರಿಜಮ್ಮನವರ ವಿಷಯ ಅವಳಿಗೆ ಹೇಳಿದವನು ನಾನೇ.

ಗಿರಿಜಮ್ಮ ಮನೆಯಲ್ಲೇ ಹೋಳಿಗೆ ಮಾಡಿ ಕೊಡುತ್ತಾರೆ. ಅವರಿಗೆ ಬರುವ ಆರ್ಡರುಗಳೆಲ್ಲ ಗೋಡೆಯ ಕ್ಯಾಲೆಂಡರಿನ ಹಾಳೆಗಳ ಹಿಂಭಾಗದಲ್ಲಿ ಇರುತ್ತಿದ್ದವು. ತಿಂಗಳು ಮುಗಿದು ಹಾಳೆ ಹರಿದಾಗ ಮುಂದಿನ ತಿಂಗಳ ಒಂದೆರಡು ನಾಮಕರಣ, ಒಂದು ಗೃಹಪ್ರವೇಶ ಅದರ ಜೊತೆಯಲ್ಲೇ ಹರಿದುಹೋಗುತ್ತಿದ್ದವು. ಚಂದನಾ ಅವರಿಗೆ ಒಂದು ಪುಟ ಮಾಡಿಕೊಟ್ಟಳು. ಬೇಕಾದವರು ಫೋನಿನಲ್ಲೇ ಹೆಸರು, ವಿಳಾಸ, ಕಾಯಿಯದೋ ಬೇಳೆಯದೋ, ಎಷ್ಟು, ಯಾವತ್ತಿಗೆ ಎಂದು ತುಂಬಿಸಿದರೆ ಗಿರಿಜಮ್ಮನ ಫೋನಿನಲ್ಲಿ ತಾರೀಕಿನ ಪ್ರಕಾರ ಸಾಲಾಗಿ ನಿಲ್ಲುತ್ತದೆ. ತಿಂಗಳು ಬಳಸಿ ನೋಡ್ತೀನಿ, ಸರಿಹೋಗದಿದ್ದರೆ ನನ್ನ ಕ್ಯಾಲೆಂಡರೇ ನನಗೆ ಎಂದು ಗಿರಿಜಮ್ಮ ಮೊದಲೇ ಹೇಳಿದ್ದರು.

ಇನ್ನು ನನ್ನ ಪಾಲು. ಪ್ರಾಜೆಕ್ಟು ಕಟ್ಟುವಾಗ ಪಟ್ಟಿ ಖಾಲಿ ಇದ್ದರೆ ಅದು ಸರಿಯಾಗಿ ಸಾಲು ನಿಲ್ಲುತ್ತದೋ ಇಲ್ಲವೋ ತಿಳಿಯುವುದಿಲ್ಲ. ಆದ್ದರಿಂದ ಸುಳ್ಳು ಜನರನ್ನು ತುಂಬಿ ನೋಡುವುದು ವಾಡಿಕೆ. ಚಂದನಾ ಟೆಸ್ಟ್ ಒಂದು, ಟೆಸ್ಟ್ ಎರಡು ಎಂದು ತುಂಬಿಸುತ್ತಿದ್ದಳು. ನನಗೆ ಅದು ಅನ್ಯಾಯವೆನ್ನಿಸಿತು. ಕೋಡು ಬರೆಯುವುದರಲ್ಲಿ ನಾನು ಆಮೆಗಿಂತ ಒಂದು ಹೆಜ್ಜೆ ಹಿಂದೆ. ಆದರೆ ಇಲ್ಲದ ಜನರನ್ನು ಸಾಕುವುದರಲ್ಲಿ ನನ್ನ ಶಾಸ್ತ್ರವೇ ಪ್ರಸಿದ್ಧ. ನಮ್ಮ ತರ್ಕದ ಪಾಠಗಳಲ್ಲಿ ಶತಮಾನಗಳಿಂದ ದೇವದತ್ತ ಎಂಬೊಬ್ಬನಿದ್ದಾನೆ. ಅವನು ದಪ್ಪಗಿದ್ದಾನೆ, ಹಗಲಲ್ಲಿ ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಿರಬೇಕು ಎಂದು ನಾವು ಊಹಿಸಬೇಕು. ಇನ್ನೊಬ್ಬ ಬದುಕಿದ್ದಾನೆ, ಮನೆಯಲ್ಲಿಲ್ಲ, ಆದ್ದರಿಂದ ಎಲ್ಲೋ ಹೊರಗಿರಬೇಕು. ಪಂಡಿತರು ತಲೆಮಾರುಗಳಿಂದ ಇವರನ್ನು ಹಗಲು ಉಪವಾಸ ಕೆಡವಿದ್ದಾರೆ, ಮನೆಯಿಂದ ಹೊರಗೆ ನಿಲ್ಲಿಸಿದ್ದಾರೆ. ಆದರೆ ಒಬ್ಬರೂ ದೇವದತ್ತನ ಮನೆಗೆ ಊಟ ಕಳಿಸಿದವರಲ್ಲ. ಆ ತಪ್ಪು ಮಾಡುವುದಕ್ಕೆ ನಾನೇ ಹುಟ್ಟಬೇಕಾಯಿತು.

ಹನ್ನೆರಡು ಜನರನ್ನು ಸೃಷ್ಟಿಸಿದೆ. ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಯ ಸುತ್ತ ನಡೆಯುವಾಗ ಅವರು ನನ್ನ ಜೊತೆ ನಡೆಯುತ್ತಿದ್ದರು. ಮಂಜಿನಲ್ಲಿ ಕೆರೆಯ ಆಚೆ ದಡ ಕಾಣಿಸದ ದಿನ ಅಲ್ಲಿ ಒಂದಿಬ್ಬರು ಕೂತಿರುವಂತೆಯೂ ಅನ್ನಿಸುತ್ತಿತ್ತು. ಬಿ.ಟಿ.ಎಂ. ಲೇಔಟಿನ ಒಬ್ಬ ಬ್ರಹ್ಮಚಾರಿಗೆ ವಾರಕ್ಕೆರಡೇ ಹೋಳಿಗೆ, ಬನಶಂಕರಿಯ ಒಂದು ಕೂಡುಕುಟುಂಬಕ್ಕೆ ನೂರಿಪ್ಪತ್ತು. ಎಲ್ಲರಿಗಿಂತ ಚೆನ್ನಾಗಿ ಒದಗಿ ಬಂದವರು ಕಮಲಾಕ್ಷಮ್ಮ. ಇಪ್ಪತ್ತೈದನೇ ತಾರೀಕು ಮೊಮ್ಮಗನ ನಾಮಕರಣ. ನಲವತ್ತು ಕಾಯಿ ಹೋಳಿಗೆ. ಬೆಲ್ಲ ಕಡಿಮೆ, ಏಲಕ್ಕಿ ಜಾಸ್ತಿ. ವಿಶೇಷ ಸೂಚನೆಯ ಜಾಗದಲ್ಲಿ ಅವರ ಪರವಾಗಿ ನಾನು ಹೀಗೆ ಬರೆದೆ: ಮಧ್ಯಾಹ್ನ ಮಲಗಿರುತ್ತೇನೆ, ಫೋನ್ ಮಾಡಿದರೆ ಮಗು ಏಳುತ್ತದೆ. ಬೆಲ್ಲು ಕೆಟ್ಟಿದೆ, ಗೇಟು ತಟ್ಟಿ. ಬರೆದು ಮುಗಿಸಿ ಓದಿದಾಗ ನನಗೇ ಆ ಮನೆಗೆ ಒಮ್ಮೆ ಹೋಗಿ ಬರಬೇಕು ಅನ್ನಿಸಿತು.

ನಿಜದ ಜನರನ್ನೂ ಅಭ್ಯಾಸದ ಜನರನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಬೇಡಿ ಎಂದು ಇರ್ಫಾನ್ ಹೇಳಿದ್ದ. ಅದನ್ನು ನಾವು ಪರೀಕ್ಷೆಗೆ ಬರದ ಪಾಠವೆಂದು ಬದಿಗಿಟ್ಟಿದ್ದೆವು. ಗಿರಿಜಮ್ಮನ ಕೈಗೆ ಪುಟ ಒಪ್ಪಿಸುವ ಹಿಂದಿನ ದಿನ ಚಂದನಾ ಕ್ಯಾಲೆಂಡರಿನ ಹಿಂಬದಿಯ ನಿಜವಾದ ಆರ್ಡರುಗಳನ್ನು ಆ ಪಟ್ಟಿಗೇ ಸೇರಿಸಿದಳು. ಆಮೇಲೆ ಮೇಲಿನಿಂದ ಕೆಳಕ್ಕೆ ಬಂದು ಸುಳ್ಳು ಜನರನ್ನು ಒಬ್ಬೊಬ್ಬರನ್ನಾಗಿ ಅಳಿಸಿದಳು. ಟೆಸ್ಟ್ ಒಂದು ಹೋದ, ಬ್ರಹ್ಮಚಾರಿ ಹೋದ, ಕೂಡುಕುಟುಂಬ ಹೋಯಿತು. ಕಮಲಾಕ್ಷಮ್ಮನ ಹತ್ತಿರ ಬಂದಾಗ ಅನುಮಾನ ಬಂದು ಪಕ್ಕಕ್ಕೆ ತಿರುಗಿ, ಸಾರ್, ಇವರು ಗಿರಿಜಾ ಆಂಟಿ ಕಡೆಯವರಾ ಎಂದು ಕೇಳಿದಳಂತೆ. ಅದು ಮಧ್ಯಾಹ್ನ ಎರಡೂವರೆ. ನಾನು ಕಣ್ಣು ಮುಚ್ಚಿಕೊಂಡೇ, "ಹೂಂ, ಬಹಳ ಒಳ್ಳೆಯವರು" ಎಂದೆನಂತೆ. ಇದಕ್ಕೆ ಹಿಂದಿನ ಬೆಂಚಿನ ಇಬ್ಬರು ಸಾಕ್ಷಿಗಳಿದ್ದಾರೆ.

ಇಪ್ಪತ್ತೊಂದು ದಿನ ಎಲ್ಲ ಸುಸೂತ್ರ. ಇಪ್ಪತ್ತೆರಡನೆಯ ದಿನವೇ ತಿಂಗಳ ಇಪ್ಪತ್ತೈದನೇ ತಾರೀಕು. ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಗೇಟಿನ ಹತ್ತಿರ ನಿಂತಿದ್ದಾಗ ಗಿರಿಜಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಅವರ ಹಿಂದಿನಿಂದ ಏಲಕ್ಕಿಯ ವಾಸನೆ ರಸ್ತೆ ದಾಟಿ ಬಂತು.

"ಮೇಷ್ಟ್ರೇ, ನಿಮ್ಮ ಕಂಪ್ಯೂಟರಿನಿಂದ ಎಂಥ ಒಳ್ಳೇ ಜನ ಬರ್ತಾರೆ ಗೊತ್ತಾ. ಜೆ.ಪಿ. ನಗರದಲ್ಲಿ ಕಮಲಾಕ್ಷಮ್ಮ ಅಂತ. ಮಗು ಮಲಗಿರತ್ತೆ, ಫೋನ್ ಮಾಡ್ಬೇಡಿ ಅಂತ ಎಷ್ಟು ಚೆನ್ನಾಗಿ ಬರ್ದಿದ್ದಾರೆ. ನಾನು ಮಾಡ್ಲೇ ಇಲ್ಲ. ಬಾಣಂತಿಗೆ ಅಂತ ಐದು ಜಾಸ್ತಿನೇ ಇಟ್ಟಿದ್ದೀನಿ."

ನನ್ನ ಬಾಯಿಂದ ಹೊರಟದ್ದು ಒಂದೇ ಮಾತು. ನಾನು ಆ ಕಡೆಗೇ ಹೋಗುತ್ತಿದ್ದೇನೆ, ನಾನೇ ತಲುಪಿಸುತ್ತೇನೆ ಎಂದೆ. ತರ್ಕಶಾಸ್ತ್ರದಲ್ಲಿ ಹೇತ್ವಾಭಾಸ ಎಂದು ಒಂದು ಅಧ್ಯಾಯವಿದೆ, ಕಾರಣದಂತೆ ಕಾಣುವ ಆದರೆ ಕಾರಣವಲ್ಲದ ಮಾತುಗಳ ಪಟ್ಟಿ. ಆ ಗಳಿಗೆಯಲ್ಲಿ ನಾನು ಆ ಅಧ್ಯಾಯದ ಎಲ್ಲ ಉದಾಹರಣೆಗಳನ್ನೂ ಒಟ್ಟಿಗೇ ಹೇಳಿದಂತಾಯಿತು.

ಚಂದನಾಗೆ ಫೋನು ಮಾಡಿದೆ. ಅವಳು ಸ್ಕೂಟರಿನಲ್ಲಿ ಬಂದಳು. ವಿಷಯ ಕೇಳಿ ಹೆಲ್ಮೆಟ್ಟು ತೆಗೆಯದೆಯೇ ನಿಂತಳು. ಹೆಲ್ಮೆಟ್ಟಿನೊಳಗೆ ಅವಳು ಎಂಟು ದಿನ ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಗಿರಿಜಮ್ಮನಿಗೆ ತಿಳಿದರೆ ಕ್ಯಾಲೆಂಡರಿಗೆ ಹಿಂದಿರುಗುತ್ತಾರೆ. ಕ್ಯಾಲೆಂಡರಿಗೆ ಹಿಂದಿರುಗಿದರೆ ತಿಂಗಳು ಮುರಿಯುತ್ತದೆ. ತಿಂಗಳು ಮುರಿದರೆ ಮೋಟಾರು. ಯಾವ ಪಂಡಿತನೂ ಬಿಡಿಸಲಾರದ ಸರಪಳಿ. ಹೋಗಿ ನೋಡೋಣ ಎಂದಳು. ಇಲ್ಲದವರ ಮನೆಯಲ್ಲಿ ಏನನ್ನು ನೋಡುವುದೋ ದೇವರಿಗೇ ಗೊತ್ತು. ಎರಡು ಸ್ಟೀಲ್ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಅವುಗಳ ಬಿಸಿ ಪಂಚೆಯ ಮೂಲಕ ಮೊಣಕಾಲಿಗೆ ಇಳಿಯುತ್ತಿತ್ತು.

ದಕ್ಷಿಣ ಬೆಂಗಳೂರಿನಲ್ಲಿ ಇಲ್ಲದ ವಿಳಾಸ ಬರೆಯುವುದು ಎಷ್ಟು ಕಷ್ಟ ಎಂದು ನನಗೆ ಅಂದು ತಿಳಿಯಿತು. ಯಾವ ಮೇನನ್ನಾದರೂ ಹೇಳಿ, ಅದು ಇದೆ. ಯಾವ ಕ್ರಾಸನ್ನಾದರೂ ಹೇಳಿ, ಅದು ಎರಡು ಕಡೆ ಇದೆ. ಕಲ್ಪನೆಯ ಕುದುರೆ ಬಿಟ್ಟರೂ ಅದು ಯಾರದೋ ಕಾಂಪೌಂಡಿನ ಮುಂದೆಯೇ ಹೋಗಿ ನಿಲ್ಲುತ್ತದೆ. ನಾನು ಕಣ್ಣು ಮುಚ್ಚಿ ಬರೆದ ಹಂತ, ಮೇನು, ಕ್ರಾಸು, ಮನೆ ನಂಬರು, ನಾಲ್ಕೂ ಒಂದು ಶಾಂತವಾದ ರಸ್ತೆಯಲ್ಲಿ ಕೂಡಿಕೊಂಡಿದ್ದವು. ಆ ಸಂಖ್ಯೆಗಳನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಜನ ಇದ್ದಾರೆ.

ಎರಡಂತಸ್ತಿನ ಮನೆ, ತಿಳಿ ಹಸಿರು ಬಣ್ಣ, ಮುಚ್ಚಿದ ಗೇಟು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಹೊಂಗೆಯ ಹೂವು ಉದುರಿ ನೆಲದ ಮೇಲೆ ಹರಡಿತ್ತು. ದೂರದಲ್ಲಿ ಯಾರೋ ಕುಕ್ಕರ್ ಇಟ್ಟಿದ್ದರು, ಅದರ ಸೀಟಿಯೂ ನಿದ್ದೆಗಣ್ಣಿನಲ್ಲಿ ಕೂಗಿದಂತಿತ್ತು. ನಮ್ಮ ತರ್ಕದ ಪಂಡಿತರಾದ ನೈಯಾಯಿಕರು ಇಲ್ಲದಿರುವುದನ್ನೂ ಒಂದು ಪದಾರ್ಥವೆಂದು ಎಣಿಸುತ್ತಾರೆ. ನೆಲದ ಮೇಲೆ ಮಡಕೆ ಇಲ್ಲದಿದ್ದರೆ ಮಡಕೆಯ ಅಭಾವ ಕಣ್ಣಿಗೆ ಕಾಣುತ್ತದೆ ಎನ್ನುತ್ತಾರೆ. ಇದನ್ನು ಮೂವತ್ತೊಂದು ವರ್ಷ ಪಾಠ ಹೇಳಿದ್ದರೂ ನಾನು ಒಂದು ದಿನವೂ ಅದನ್ನು ನೋಡಿರಲಿಲ್ಲ. ಅಂದು ಆ ಗೇಟಿನ ಹಿಂದೆ ಕಮಲಾಕ್ಷಮ್ಮನ ಅಭಾವ ಸ್ಪಷ್ಟವಾಗಿ ಕಂಡಿತು: ಮೆಟ್ಟಿಲ ಮೇಲೆ, ಎಡ ಮೊಣಕಾಲನ್ನು ಚಾಚಿಕೊಂಡು, ಯಾರೂ ಕೂತಿರಲಿಲ್ಲ.

ಆಗ ಚಂದನಾ ನನ್ನ ತೋಳು ಮುಟ್ಟಿ ಮೇಲೆ ತೋರಿಸಿದಳು. ಮೊದಲ ಮಹಡಿಯ ಬಾಲ್ಕನಿಯಲ್ಲಿ, ಹಗ್ಗದ ಮೇಲೆ, ಅಂಗೈಯಗಲದ ಅಂಗಿಗಳು ಒಣಗುತ್ತಿದ್ದವು. ನಾಲ್ಕು ಅಂಗಿ, ಒಂದು ಕುಲಾವಿ, ಮೂಲೆಯಲ್ಲಿ ಸಾಲಾಗಿ ಬಟ್ಟೆ ತುಂಡುಗಳು.

ಇಬ್ಬರೂ ಬಹಳ ಹೊತ್ತು ನೋಡುತ್ತ ನಿಂತೆವು. ನನ್ನ ಮನಸ್ಸು ಆ ಹೊತ್ತಿನಲ್ಲಿ ಎಷ್ಟು ಸಲೀಸಾಗಿ ಜಾರಿತೆಂದರೆ ಹೇಳಲು ನಾಚಿಕೆಯಾಗುತ್ತದೆ. ಮಗು ಇದೆ, ಮನೆ ಇದೆ, ಗೇಟು ಇದೆ. ಗೇಟು ತಟ್ಟಿ, ಹೋಳಿಗೆ ಕೊಟ್ಟು, ಯಾರೋ ಹಿತೈಷಿಗಳು ಕಳಿಸಿದ್ದಾರೆ ಎಂದು ಹೇಳಿ ಬಂದುಬಿಟ್ಟರೆ ಮುಗಿಯಿತು. ಗಿರಿಜಮ್ಮನಿಗೆ ಸಂತೋಷ, ತಿಂಗಳು ಉಳಿಯುತ್ತದೆ, ಬಾಣಂತಿಗೂ ಐದು ಹೆಚ್ಚು. ಇದನ್ನು ಚಂದನಾಗೆ ಮೆಲ್ಲಗೆ ಹೇಳಿದೆ. ಅವಳು ಅಂಗಿಗಳನ್ನೇ ನೋಡುತ್ತಿದ್ದಳು.

"ಆಮೇಲೆ ನಾನು ಲಿಸ್ಟಲ್ಲಿ ತಲುಪಿದೆ ಅಂತ ಒತ್ತಬೇಕಲ್ಲ ಸಾರ್. ಯಾರಿಗೆ ತಲುಪ್ತು ಅಂತ ಒತ್ಲಿ?"

ಮೂವತ್ತೊಂದು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ನನ್ನನ್ನು ಒಂದೇ ವಾಕ್ಯದಲ್ಲಿ ಕೂರಿಸಿರಲಿಲ್ಲ. ಅವಳು ಸ್ಕೂಟರು ತಿರುಗಿಸಿದಳು. ಡಬ್ಬಿಗಳು ಇನ್ನೂ ಬಿಸಿಯಾಗಿದ್ದವು.

ಗಿರಿಜಮ್ಮನ ಎದುರು ಅವಳೇ ಹೇಳಿದಳು. ನನ್ನನ್ನು ಮುಂದೆ ಮಾಡಲಿಲ್ಲ. ಅಳಿಸಬೇಕಾದವಳು ನಾನು, ಅಳಿಸಲಿಲ್ಲ ಎಂದಷ್ಟೇ ಅಂದಳು. ಬರೆದವನು ನಾನು ಎಂದು ನಾನು ಸೇರಿಸಿದೆ. ಗಿರಿಜಮ್ಮ ಬೈಯಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದರು. ಬೆಳಿಗ್ಗೆಯಿಂದ ಆ ಮಗುವಿಗೆ ಏನು ಹೆಸರಿಡುತ್ತಾರೋ ಎಂದುಕೊಳ್ಳುತ್ತ ಲಟ್ಟಿಸಿದ್ದರಂತೆ. ಹೆಸರಿಡಿಸಿಕೊಳ್ಳುವ ಮಗುವೇ ಇಲ್ಲ ಎಂಬುದು ಅವರಿಗೆ ಹೋಳಿಗೆ ವ್ಯರ್ಥವಾದದ್ದಕ್ಕಿಂತ ಹೆಚ್ಚಾಗಿ ನಾಟಿದ ಹಾಗಿತ್ತು. ಆಮೇಲೆ ಫೋನು ಕೈಗೆತ್ತಿಕೊಂಡು ಪಟ್ಟಿಯನ್ನು ಮೇಲೆ ಕೆಳಗೆ ಆಡಿಸಿದರು. ಬರುವ ವಾರಗಳಿಗೆ ಹದಿನೆಂಟು ಆರ್ಡರುಗಳಿದ್ದವು.

"ಹಾಗಾದ್ರೆ ಮಿಕ್ಕೋರು?" ಅಂದರು.

ಇದೇ ಪ್ರಶ್ನೆ. ಕಲಿಯುವ ಮಕ್ಕಳೇ, ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ. ನಾವು ಹೆದರಿದ್ದು ಒಂದು ಸುಳ್ಳಿಗೆ. ಆದರೆ ಒಂದು ಸುಳ್ಳು ಪಟ್ಟಿಯೊಳಗೆ ಕೂತದ್ದು ಗೊತ್ತಾದ ಕ್ಷಣ ಉಳಿದ ಹದಿನೆಂಟು ನಿಜಗಳೂ ತಲೆ ತಗ್ಗಿಸಿ ನಿಂತವು. ಕ್ಯಾಲೆಂಡರಿನ ಹಾಳೆ ಹರಿದರೂ ಗಿರಿಜಮ್ಮನಿಗೆ ಅದರ ಮೇಲೆ ಅನುಮಾನ ಬಂದಿರಲಿಲ್ಲ, ಏಕೆಂದರೆ ಅದರಲ್ಲಿದ್ದ ಒಂದೊಂದು ಅಕ್ಷರವೂ ಯಾರದೋ ದನಿ ಕೇಳಿ ಅವರೇ ಬರೆದದ್ದು. ನಮ್ಮ ಪಟ್ಟಿ ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸುತ್ತಿತ್ತು. ಜೋಡಿಸಿದ್ದರಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂಬುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಅವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದರು.

ಚಂದನಾ ಎದ್ದು ಹೋಗಲಿಲ್ಲ. ಆ ದಿನ, ಮರುದಿನ ಅವರ ಅಡುಗೆಮನೆಯ ಪಕ್ಕದ ಮಂಚದ ಮೇಲೆ ಕೂತು, ಗಿರಿಜಮ್ಮ ಹಿಟ್ಟು ಕಲಸುವಾಗ ಅವರ ಕಿವಿಗೆ ಫೋನು ಹಿಡಿದು, ಹದಿನೆಂಟು ಜನರ ಹತ್ತಿರವೂ ಮಾತಾಡಿಸಿದಳು. ಹದಿನೆಂಟು ಜನರೂ ಇದ್ದರು. ಬನಶಂಕರಿಯ ಒಬ್ಬರು ಮಾತ್ರ ಸಿಟ್ಟಾದರು. ನಾನು ಇದ್ದೀನಿ ಅನ್ನೋದಕ್ಕೆ ನಿಮಗೆ ಏನು ಸಾಕ್ಷಿ ಬೇಕು ಎಂದು ಅವರು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಈ ಪ್ರಶ್ನೆಗೆ ನನ್ನ ಶಾಸ್ತ್ರದಲ್ಲಿ ಆರು ಬಗೆಯ ಉತ್ತರಗಳಿದ್ದರೂ ಒಂದನ್ನೂ ಹೇಳುವ ಸಂದರ್ಭವಾಗಿರಲಿಲ್ಲ. ಗಿರಿಜಮ್ಮ ಅವರಿಗೆ, ನಿಮ್ಮ ದನಿ ಕೇಳೋಣ ಅಂತ ಮಾಡಿದೆ ಕಣಮ್ಮ ಎಂದರು. ಆಚೆ ಕಡೆ ಸಿಟ್ಟು ತಕ್ಷಣ ಇಳಿದು, ಮಗಳ ಸೀಮಂತದ ವಿಷಯ ಶುರುವಾಗಿ, ನಲವತ್ತು ನಿಮಿಷ ನಡೆಯಿತು.

ಹದಿನೆಂಟನೆಯ ಕರೆ ಮುಗಿದ ಮೇಲೆ ಗಿರಿಜಮ್ಮ ಹಿಟ್ಟಿನ ಕೈಯಲ್ಲೇ ಫೋನಿನ ಕಡೆ ಬೆರಳು ಮಾಡಿದರು. ಹೆಸರಿನ ಪಕ್ಕದಲ್ಲಿ ನನಗೊಂದು ಜಾಗ ಬೇಕು ಎಂದರು. ನಾನು ಮಾತಾಡಿದ ಮೇಲೆ ನಾನೇ ಗುರುತು ಹಾಕುತ್ತೇನೆ. ಗುರುತಿಲ್ಲದವರಿಗೆ ಒಲೆ ಹಚ್ಚುವುದಿಲ್ಲ. ಚಂದನಾ ಅಲ್ಲೇ ಕೂತು ಬರೆದಳು. ಯಾವ ವಿಡಿಯೋದಲ್ಲೂ ಇಲ್ಲದ, ಯಾವ ಫ್ರೇಮ್‌ವರ್ಕೂ ತಾನಾಗಿ ಕೊಡದ ಒಂದು ಅಂಕಣ. ಅದರ ನೆತ್ತಿಯ ಮೇಲೆ, ಗಿರಿಜಮ್ಮ ಹೇಳಿದ ಹಾಗೆಯೇ, 'ಮಾತಾಡಿದೆ' ಎಂದು ಹಾಕಿದಳು. ನನ್ನನ್ನು ಕೇಳಿದ್ದರೆ ನಾನು ಏನಾದರೂ ಭಾರಿ ಸಂಸ್ಕೃತದ ಹೆಸರಿಟ್ಟು ಕೆಡಿಸುತ್ತಿದ್ದೆ. ಪುಣ್ಯಕ್ಕೆ ಕೇಳಲಿಲ್ಲ.

ಆ ನಲವತ್ತೈದು ಹೋಳಿಗೆಯನ್ನು ತರಗತಿಗೆ ಕಳಿಸಿದರು. ಹದಿನೈದು ಬಾಯಿಗಳು ಎರಡೇ ನಿಮಿಷದಲ್ಲಿ ಮುಗಿಸಿ, ಬೆಲ್ಲ ಯಾಕೆ ಕಮ್ಮಿ ಸಾರ್, ಯಾವನ್ ಗುರು ಹೀಗೆ ಆರ್ಡರ್ ಮಾಡಿದ್ದು ಎಂದು ದೂರಿದವು. ನಾನು ಫ್ಯಾನನ್ನು ನೋಡುತ್ತ ಕೂತೆ.

ಮೂವತ್ತು ದಿನ ಮುಗಿದಾಗ ಚಂದನಾ ಇರ್ಫಾನನಿಗೆ ನಡೆದದ್ದನ್ನೆಲ್ಲ ಹೇಳಿ, ತಿಂಗಳು ಮುರಿಯಿತು, ನನ್ನ ಹೆಸರು ಬಿಡಿ ಎಂದಳು. ಅವನು ಗಿರಿಜಮ್ಮನಿಗೆ ಫೋನು ಮಾಡಿದ. ಸ್ಪೀಕರಿನಲ್ಲಿ ಅವರ ದನಿ ತರಗತಿಗೆಲ್ಲ ಕೇಳಿಸಿತು.

"ಎರಡು ದಿನ ಬಿಟ್ಟಿದ್ದೆನಪ್ಪ. ಸುಳ್ಳು ಯಾಕೆ ಹೇಳ್ಲಿ. ಈಗ ನಾನು ಹೇಳ್ದಂಗೆ ಮಾಡ್ಕೊಟ್ಟವಳೆ, ಇನ್ನು ಬಿಡಲ್ಲ."

ಇರ್ಫಾನ್ ಪೆನ್ನು ಕೈಗೆತ್ತಿಕೊಂಡ. ಆಮೇಲೆ ನಿಯಮ ಸಡಿಲಿಸದೆ, ಅವಳ ಹೆಸರನ್ನೂ ಬಿಡದೆ, ಒಂದು ಕೆಲಸ ಮಾಡಿದ: ಕಂಪನಿಗೆ ಕಳಿಸಿದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ, ಎರಡು ದಿನ ನಿಂತಿತ್ತು, ಯಾಕೆಂದು ಅವಳನ್ನೇ ಕೇಳಿ ಎಂದು ಬರೆದ. ಅವರು ಕೇಳಿದರಂತೆ. ಅರ್ಧ ಗಂಟೆ ಆ ಎರಡು ದಿನದ ವಿಷಯವನ್ನೇ ಕೇಳಿದರಂತೆ, ನಿಂತಿರದ ಇಪ್ಪತ್ತೆಂಟು ದಿನಗಳ ಬಗ್ಗೆ ಒಂದು ಮಾತೂ ಇಲ್ಲ. ಈಗ ಅವಳು ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಉತ್ತರಹಳ್ಳಿಯಿಂದ ಜಯನಗರಕ್ಕೆ ಹೋಗುತ್ತಾಳೆ. ಮೋಟಾರನ್ನು ಅವಳ ಅಪ್ಪನೇ ನೋಡಿಕೊಳ್ಳುತ್ತಾರೆ, ಗೊಣಗಿಕೊಂಡು, ನಾಲ್ಕು ಜನರ ಮುಂದೆ ಮಗಳ ವಿಷಯ ಹೇಳಿಕೊಂಡು.

ನನಗೆ ಸರ್ಟಿಫಿಕೇಟು ಸಿಕ್ಕಿದೆ. ಹಾಜರಾತಿ ನೂರಕ್ಕೆ ನೂರು ಎಂದು ಬರೆದಿದ್ದಾರೆ. ಹಾಜರಿದ್ದದ್ದು ಯಾರು ಎಂದು ವಿವರಿಸಿಲ್ಲ. ಉಪದೇಶ ಎಂದು ಹೇಳಲೇಬೇಕಾದರೆ ಇಷ್ಟು ಹೇಳಬಲ್ಲೆ. ಚಿಕ್ಕದನ್ನು ಕಟ್ಟಿ. ಗೋಡೆ ಎದ್ದ ಕೂಡಲೇ ಹೊರಗಿನವರೊಬ್ಬರನ್ನು ಕರೆದು ಒಳಗೆ ಕೂರಿಸಿ. ಅವರು ಎಡವಿದ ಕಡೆ ನೀವೂ ಕೂತುಕೊಳ್ಳಿ, ಮೇಲೇಳಬೇಡಿ. ಮಿಕ್ಕದ್ದನ್ನೆಲ್ಲ ಫ್ರೇಮ್‌ವರ್ಕು ನೋಡಿಕೊಳ್ಳುತ್ತದೆ. ಅದು ಅದರ ಕೆಲಸ.

ಮೊನ್ನೆ ನಮ್ಮ ಮನೆಗೆ ನೆಂಟರು ಬರುವುದಿತ್ತು. ಕೂಗಿದರೆ ಕೇಳಿಸುವಷ್ಟು ದೂರದ ಗಿರಿಜಮ್ಮನಿಗೆ, ವಿದ್ಯೆ ಕಲಿತ ತಪ್ಪಿಗೆ, ಆ ಪುಟದ ಮೂಲಕವೇ ಹನ್ನೆರಡು ಬೇಳೆ ಹೋಳಿಗೆ ಹೇಳಿದೆ. ಹೆಸರು, ವಿಳಾಸ, ತಾರೀಕು ಎಲ್ಲ ಸರಿಯಾಗಿ ತುಂಬಿಸಿದೆ. ಮಧ್ಯಾಹ್ನ ಕಳೆಯಿತು. ಎದುರುಮನೆಯಿಂದ ಒಲೆಯ ಸದ್ದಿಲ್ಲ, ವಾಸನೆ ಇಲ್ಲ. ಐದರ ಹೊತ್ತಿಗೆ ಗಿರಿಜಮ್ಮ ರಸ್ತೆ ದಾಟಿ ಬಂದರು. ಗೇಟಿನಾಚೆ ನಿಂತು, ಫೋನನ್ನು ಕಣ್ಣಿನಿಂದ ದೂರ ಹಿಡಿದು, ನನ್ನ ಹೆಸರನ್ನು ಇನಿಷಿಯಲ್ ಸಮೇತ ಪೂರ್ತಿ ಓದಿದರು. ಹೌದೆಂದು ತಲೆಯಾಡಿಸಿದೆ.

"ತಲೆ ಅಲ್ಲಾಡ್ಸಿದ್ರೆ ಆಗಲ್ಲ ಮೇಷ್ಟ್ರೇ. ಏನಾದ್ರೂ ಮಾತಾಡಿ."

ಸೀಮೆಸುಣ್ಣವಿಲ್ಲದೆ, ಕರಿಹಲಗೆಯಿಲ್ಲದೆ, ಇದ್ದಕ್ಕಿದ್ದಂತೆ ಮಾತಾಡು ಅಂದರೆ ಏನು ಮಾತಾಡುವುದು. ಇರುವವರು ಏನು ಮಾತಾಡುತ್ತಾರೆ ಎಂದು ಯೋಚಿಸಿದೆ.

"ಕಾಫಿ ಆಯ್ತಾ ಗಿರಿಜಮ್ಮ?" ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, ನನ್ನ ಹೆಸರಿನ ಪಕ್ಕದಲ್ಲಿ ಗುರುತು ಹಾಕಿದರು.